ಪಾನದಾಯಕ ಮರೆತ ಎರಡು ವರ್ಷ

ಪ್ರೀತಿಯ ಗೆಳೆಯಾ,

ಸ್ತೋತ್ರ ಕಣೋ. ಭಾನುವಾರ ಹಡ್ಸನ್ ಚರ್ಚಿನಲ್ಲಿ ಆರಾಧನೆ ಮುಗಿಯುತ್ತಿದ್ದ ಹಾಗೇ ನೀನು ಮಾಯ. ಯಾಕೆ ಅಂತ ಗೊತ್ತು. ಬಾಗಿಲ ಹತ್ತಿರ ನಿಂತರೆ ಇಬ್ಬರಾದರೂ "ಕೆಲಸ ಸಿಕ್ತಾ?" ಅನ್ನುತ್ತಾರೆ. ಇಲ್ಲ ಅಂದರೆ "ದೇವರ ಸಮಯ ಬರುತ್ತೆ ಬಿಡಪ್ಪಾ" ಅಂತ ಹೆಗಲು ತಟ್ಟಿ ಹೋಗುತ್ತಾರೆ. ಮಾತು ಸುಳ್ಳಲ್ಲ. ಆದರೆ ತಿಂಗಳಾದರೆ ಸಂಬಳ ಎಣಿಸುವವರಿಗೆ ಅದನ್ನು ಹೇಳುವುದು ಬಲು ಸುಲಭ. ನಾನೂ ಹೇಳಿದವನೇ. ಕ್ಷಮಿಸು.

ಮನೆಗೆ ಹೋಗುವಾಗ ಮೆಟ್ರೋದಲ್ಲಿ ಸತ್ಯವೇದದ ಆದಿಕಾಂಡ 40ನೇ ಅಧ್ಯಾಯ ತೆಗೆದು ಓದಿದೆ. ಯೋಸೇಫನನ್ನು ಅಣ್ಣಂದಿರು ಮಾರಿದಾಗ ಅವನಿಗೆ ಸುಮಾರು 17 ವರ್ಷ. ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಮುಂದೆ ನಿಂತಾಗ 30. ನಡುವೆ ಸುಳ್ಳು ಆರೋಪಕ್ಕೆ ಸಿಕ್ಕಿ ಸೆರೆಮನೆ ಸೇರಿದ. ಅಲ್ಲಿ ಅವನು ಸುಮ್ನೆ ಕೂತಿರಲಿಲ್ಲ ನೋಡು. ಬಿಡುಗಡೆಯಾಗಿ ಹೊರಟ ಪಾನದಾಯಕನ, ಅಂದರೆ ಅರಸನಿಗೆ ದ್ರಾಕ್ಷಾರಸ ಕೊಡುವವನ ಹತ್ತಿರ ಶಿಫಾರಸು ಕೇಳಿದ. ಫರೋಹನಿಗೆ ನನ್ನ ವಿಷಯ ಹೇಳು, ಇಲ್ಲಿಂದ ಬಿಡಿಸು ಅಂದ. ಆ ಮನುಷ್ಯ ಮರೆತೇಬಿಟ್ಟ. ಪೂರಾ ಎರಡು ವರ್ಷ! ಹಾಗಾಗಿ ನೀನು ಹಳೇ ಮ್ಯಾನೇಜರಿಗೆ ಫೋನ್ ಮಾಡಿದ್ದು ಅಪನಂಬಿಕೆ ಏನಲ್ಲ. ಅವರು ತಿರುಗಿ ಫೋನ್ ಮಾಡದಿರುವುದೂ ಹೊಸ ಕಥೆಯಲ್ಲ.

ಪಾನದಾಯಕ ಕೂಡಲೇ ನೆನಪಿಸಿಕೊಂಡಿದ್ದರೆ ಏನಾಗುತ್ತಿತ್ತು? ಯೋಸೇಫ ಬಹುಶಃ ಕಾನಾನಿಗೆ, ಅಪ್ಪನ ಮನೆಗೆ ಓಡಿಬಿಡುತ್ತಿದ್ದ. ಫರೋಹನಿಗೆ ಕನಸು ಬಿದ್ದ ದಿನ ಅದರ ಅರ್ಥ ಹೇಳಲು ಕರೆಯುವುದಕ್ಕೆ ಐಗುಪ್ತದಲ್ಲಿ ಅವನು ಇರುತ್ತಿರಲಿಲ್ಲ. ಆದರೆ ಇದು ಪುಟ ತಿರುಗಿಸಿ ಓದಿದ ನಮಗೆ ಕಾಣುತ್ತದೆ. ಒಳಗಿದ್ದವನಿಗೆ ತಾನು ಬಿಡುಗಡೆಯಾಗುವ 41ನೇ ಅಧ್ಯಾಯ ಗೊತ್ತಿರಲಿಲ್ಲ ಅಲ್ವಾ? ನಿನ್ನ ಮುಂದಿನ ಪುಟವೂ ನನಗೆ ಗೊತ್ತಿಲ್ಲ. ಅದಕ್ಕೇ ಇನ್ನು ಮೇಲೆ ನಿನಗೆ ತಾರೀಖು ಹೇಳುವುದಿಲ್ಲ.

ಆತುರ ಬಿದ್ದರೆ ಏನಾಗುತ್ತದೆ ಅಂತ ಮಾತ್ರ ಗೊತ್ತು. ಹಿಂದೆ ನಾನು ಸಿಕ್ಕ ಕಂಪನಿಗೆ ಬಾಂಡ್ ಬರೆದುಕೊಟ್ಟು ಸೇರಿದ್ದು, ಎಂಟೇ ತಿಂಗಳಿಗೆ ದುಡ್ಡು ಕಟ್ಟಿ ಹೊರಬಂದಿದ್ದು ನೆನಪಿದೆಯಾ? ದೇವರು ಮಾತು ಕೊಟ್ಟ ಮಗನಿಗಾಗಿ ಅಬ್ರಹಾಮನೂ 25 ವರ್ಷ ಕಾದವನೇ, ನಡುವೆ ತಾಳ್ಮೆಗೆಟ್ಟವನೇ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಚಿಕ್ಕ ಮಾತು. ಒಂದು ಬೆಳಿಗ್ಗೆ ಯೋಸೇಫ ಜೊತೆಯ ಇಬ್ಬರು ಕೈದಿಗಳ ಮುಖ ನೋಡಿ, ಇವತ್ತು ಯಾಕೆ ಬಾಡಿದೆ ಅಂತ ಕೇಳುತ್ತಾನೆ. ತನ್ನದೇ ಬಿಡುಗಡೆ ಆಗಿಲ್ಲ, ಆದರೂ ಕೇಳುತ್ತಾನೆ. ನನಗೆ ಆಗ ನೀನೇ ನೆನಪಾದೆ ಮಾರಾಯ. ಹೋದ ತಿಂಗಳು ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದವನು ನೀನು. ನನಗೆ ರಜೆ ಸಿಕ್ಕಿರಲಿಲ್ಲ.

ಅಮ್ಮ ಈಗ ಕನ್ನಡಕ ಹಾಕಿಕೊಂಡು ಸತ್ಯವೇದ ತಾನೇ ಓದುತ್ತಾಳೆ. ದಿನಾ ನಿನ್ನನ್ನು ಕೇಳುತ್ತಾಳೆ. ಈ ಭಾನುವಾರ ಓಡಿಹೋಗಬೇಡ, ಪಕ್ಕದ ಬಾಗಿಲಿಂದ ಹೊರಗೆ ಬಾ. ಗೇಟಿನ ಹತ್ತಿರ ನಾನಿರುತ್ತೇನೆ. ಊಟ ನಮ್ಮನೇಲಿ.

ನಿನ್ನ ಗೆಳೆಯ