ನಮ್ಮ ರಿಟೈರ್ಡ್ ಗ್ರೂಪಿನ ಅಣ್ಣಂದಿರಿಗೆ ಮನಸಾರೆ ನಮಸ್ಕಾರ

ಎಲ್ಲರಿಗೂ ನಮಸ್ಕಾರ. ನನಗೆ ಪ್ರಾಸ್ಟೇಟ್ ಆಪರೇಷನ್ ಆಗಿತ್ತು. ಮೊನ್ನೆ ಯುರಾಲಜಿ ಡಾಕ್ಟ್ರು ನೋಡಿ ಯೂರಿನ್ ಫ್ಲೋ ಚೆನ್ನಾಗಿದೆ, ಪಿಎಸ್‌ಎ ಅನ್ನೋ ಪ್ರಾಸ್ಟೇಟಿನ ರಕ್ತಪರೀಕ್ಷೆ ನಾರ್ಮಲ್ಲಿಗೆ ಬಂದಿದೆ, ಇನ್ನು ವರ್ಷಕ್ಕೊಂದ್ಸಲ ಬಂದ್ರೆ ಸಾಕು ಅಂದ್ರು. ಅದೇ ವಾರ ಇನ್ಶೂರೆನ್ಸ್ ದುಡ್ಡೂ ಅಕೌಂಟಿಗೆ ಬಂತು. ಗ್ರೂಪಲ್ಲಿ ಎರಡು ಕೈ ಮುಗಿಯೋ ಚಿತ್ರ ಹಾಕಿ ಸುಮ್ಮನಾಗೋಕೆ ಮನಸ್ಸು ಒಪ್ಪಲಿಲ್ಲ, ಅದಕ್ಕೇ ಇಲ್ಲಿ ಎಲ್ಲರಿಗೂ ಕಾಣೋ ಹಾಗೆ ಬರೀತಿದೀನಿ. ಹೆಸರು ಹಾಕಬೇಡಪ್ಪಾ ಅಂತ ಎಲ್ಲರೂ ಹೇಳಿದಾರೆ, ಹಾಗಾಗಿ ಊರು, ಡ್ಯೂಟಿ ಹೇಳ್ತೀನಿ ಅಷ್ಟೇ, ಯಾರು ಅಂತ ಅವರಿಗೆ ಗೊತ್ತಾಗುತ್ತೆ.

ನಮ್ಮದು ಸಾರಿಗೆ ಸಂಸ್ಥೆಯಿಂದ ರಿಟೈರ್ ಆದವರ ವಾಟ್ಸಾಪ್ ಗ್ರೂಪು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್, ಟಿಸಿ (ಟ್ರಾಫಿಕ್ ಕಂಟ್ರೋಲರ್), ಅಕೌಂಟ್ಸ್ ಸೆಕ್ಷನ್ನವರು, ಹಾಸನ, ಚಿಕ್ಕಮಗಳೂರು, ಮೈಸೂರು ಕಡೆಯವರು. ಮೊದಲೆಲ್ಲಾ ಬರೀ ಶುಭೋದಯದ ಹೂವಿನ ಫೋಟೋ, ಪೆನ್ಶನ್ ಜಾಸ್ತಿ ಆಯ್ತಂತೆ ಅನ್ನೋ ಸುಳ್ಳು ಫಾರ್ವರ್ಡು ಇದೇ ಆಗಿತ್ತು. ನಮ್ಮ ಅಡ್ಮಿನ್, ಹಾಸನದಲ್ಲಿ ಟಿಸಿ ಆಗಿದ್ದವರು, ಒಂದಿನ ಒಂದು ರೂಲ್ ತಂದ್ರು. ಆರೋಗ್ಯದ ಬಗ್ಗೆ ಆಗ್ಲಿ ದುಡ್ಡಿನ ಬಗ್ಗೆ ಆಗ್ಲಿ ಯಾರೇ ಏನೇ ಹೇಳಿದ್ರೂ ತಮಗೆ ಆಗಿದ್ದನ್ನ ಹೇಳಬೇಕು, ಕಾಗದ ಇದ್ರೆ ತೋರಿಸಬೇಕು, ಹೆಸರು ನಂಬರಿನ ಮೇಲೆ ಬೆರಳಿಟ್ಟು ಫೋಟೋ ತೆಗೀಬೇಕು, ಆಧಾರ್ ಮತ್ತೆ ಪಿಪಿಒ (ಪೆನ್ಶನ್ ಆರ್ಡರ್) ನಂಬರ್ ಮಾತ್ರ ಯಾವ ಕಾರಣಕ್ಕೂ ಹಾಕಬಾರದು ಅಂತ. ಈ ಒಂದು ರೂಲಿಂದ ಗ್ರೂಪೇ ಬದಲಾಗೋಯ್ತು. ನನಗೆ ಆದ ಒಳ್ಳೇದೆಲ್ಲಾ ಅಲ್ಲಿಂದ ಶುರು, ಅದಕ್ಕೆ ಮೊದಲ ನಮಸ್ಕಾರ ಅಡ್ಮಿನ್ ಸರ್‌ಗೆ.

ನಾನು ಕಂಡಕ್ಟರ್ ಆಗಿದ್ದೋನು. ಮೂತ್ರದ ಚೀಲದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಅಂತ ಕೆಲವು ವರ್ಷದಿಂದ ಗೊತ್ತಿತ್ತು, ಮಾತ್ರೆ ನಡೀತಿತ್ತು. ವಯಸ್ಸಾದ ಗಂಡಸರಲ್ಲಿ ಇದು ಎಷ್ಟು ಸಾಮಾನ್ಯ ಅಂದ್ರೆ, ಗ್ರೂಪಲ್ಲಿ ಒಬ್ಬರು ಬಾಯಿಬಿಟ್ಟ ಮೇಲೆ ಸಾಲಾಗಿ ನಂಗೂ ಇದೆ ನಂಗೂ ಇದೆ ಅಂತ ಬಂದ್ರು. ಅಷ್ಟು ವರ್ಷ ಒಂದೇ ರೂಮಲ್ಲಿ ನೈಟ್ ಹಾಲ್ಟ್ ಮಾಡಿದ ಜನ, ರಾತ್ರಿ ನಾಲ್ಕು ಸಲ ಏಳ್ತೀವಿ ಅನ್ನೋದನ್ನ ಒಬ್ಬರಿಗೊಬ್ಬರು ಹೇಳ್ಕೊಂಡಿರಲಿಲ್ಲ. ಬಸ್ ಲೈನಲ್ಲಿ ಗಂಟೆಗಟ್ಟಲೆ ಮೂತ್ರ ಕಟ್ಕೊಂಡಿದ್ದಕ್ಕೇ ಹೀಗಾಯ್ತು ಅಂತ ನಮ್ಮಲ್ಲಿ ಎಲ್ಲರೂ ನಂಬಿದ್ವಿ. ಡಾಕ್ಟ್ರನ್ನ ಕೇಳಿದೆ, ಗ್ರಂಥಿ ದೊಡ್ಡದಾಗೋದು ವಯಸ್ಸು ಮತ್ತೆ ಹಾರ್ಮೋನಿಂದ, ಡ್ಯೂಟಿಯಿಂದ ಅಲ್ಲ ಅಂದ್ರು. ಇದನ್ನ ಗ್ರೂಪಲ್ಲಿ ಹಾಕಿದಾಗ ಎಷ್ಟೋ ಜನಕ್ಕೆ ಸಮಾಧಾನ ಆಯ್ತು.

ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಕೊಂಡ್ಬಿಡ್ತು. ಹೊಟ್ಟೆ ಕೆಳಗೆ ಕಲ್ಲಾಗಿದೆ, ಒಂದು ಹನಿ ಹೋಗ್ತಿಲ್ಲ, ನಮ್ಮನೆಯವರು ಗಾಬರಿಯಾಗಿ ಬಿಸಿನೀರು ಕುಡೀರಿ ಅಂತಿದಾರೆ, ಮಗ ಇರೋದು ಬೆಂಗಳೂರಲ್ಲಿ. ಗ್ರೂಪಲ್ಲಿ ಒಂದು ಸಾಲು ಹಾಕಿದೆ ಅಷ್ಟೇ. ಟಿ. ನರಸೀಪುರದ ಡ್ರೈವರಣ್ಣ ತಕ್ಷಣ ಫೋನ್ ಮಾಡಿದ್ರು, "ಬೆಳಗಿನ ತನಕ ಕಾಯ್ಬೇಡ ಕಣಪ್ಪ, ನೀರೂ ಕುಡೀಬೇಡ, ಸೀದಾ ಕ್ಯಾಶುಯಾಲ್ಟಿಗೆ ಹೋಗು, ಪೈಪ್ ಹಾಕ್ತಾರೆ, ಹಾಕಿದ ಕೂಡ್ಲೆ ಜೀವ ಬರುತ್ತೆ. ಈ ವಾರ ಏನೇನು ಮಾತ್ರೆ ತಗೊಂಡಿದೀಯ ಎಲ್ಲಾ ಶೀಟೂ ಜೇಬಿಗೆ ಹಾಕ್ಕೊ" ಅಂದ್ರು. ಆ ಕೊನೇ ಮಾತೇ ಕೆಲಸಕ್ಕೆ ಬಂದಿದ್ದು. ಡ್ಯೂಟಿ ಡಾಕ್ಟ್ರು ಶೀಟುಗಳನ್ನ ತಿರುಗಿಸಿ ನೋಡಿ ಶೀತದ ಮಾತ್ರೆ ಮೇಲೆ ಬೆರಳಿಟ್ರು. ಮೂಗು ಕಟ್ಟಿದ್ದು ಬಿಡಿಸೋ ಔಷಧಿ ಇರೋ ಮಾತ್ರೆಗಳು ಮೂತ್ರದ ಚೀಲದ ಬಾಯನ್ನೂ ಬಿಗಿ ಮಾಡ್ತಾವಂತೆ, ಪ್ರಾಸ್ಟೇಟ್ ದೊಡ್ಡದಾಗಿರೋರು ಅದನ್ನ ಡಾಕ್ಟ್ರನ್ನ ಕೇಳದೆ ತಗೋಬಾರದಂತೆ. ಇದನ್ನ ಓದ್ತಿರೋ ಎಲ್ಲ ಹಿರಿಯರೂ ದಯವಿಟ್ಟು ನೆನಪಿಟ್ಕೊಳ್ಳಿ, ನಿಮ್ಮ ಮಕ್ಕಳಿಗೂ ಹೇಳಿ, ಯಾಕಂದ್ರೆ ಮೆಡಿಕಲ್ ಸ್ಟೋರಿಂದ ಮಾತ್ರೆ ತಂದುಕೊಡೋರು ಅವರೇ.

ಆಮೇಲೆ ಬಂದಿದ್ದು ಇನ್ನೂ ದೊಡ್ಡ ಭಯ. ಪೈಪ್ ಇರುವಾಗ್ಲೇ ಬೇರೆ ರಕ್ತಪರೀಕ್ಷೆ ಜೊತೆ ಪಿಎಸ್‌ಎನೂ ಮಾಡಿದ್ರು, 11 ಬಂತು. 4ರ ಒಳಗಿರಬೇಕು ಅಂತ ಅದೇ ಕಾಗದದಲ್ಲಿ ಪಕ್ಕದಲ್ಲೇ ಅಚ್ಚು ಹಾಕಿರ್ತಾರೆ. ಮನೇಲಿ ಯಾರೂ ಊಟ ಮಾಡಲಿಲ್ಲ ಆವತ್ತು. ರಿಪೋರ್ಟಿನ ಫೋಟೋ ಹಾಕಿದೆ. ಕಡೂರಿನ ಮೆಕ್ಯಾನಿಕ್ ಅಣ್ಣ ತಮ್ಮ ಹಳೇ ಎರಡು ರಿಪೋರ್ಟು ಒಂದರ ಪಕ್ಕ ಒಂದು ಇಟ್ಟು ಫೋಟೋ ಕಳಿಸಿದ್ರು, ಪೈಪ್ ಇದ್ದಾಗಿಂದು ಒಂದು, ಎಲ್ಲಾ ಗುಣ ಆದ್ಮೇಲಿಂದು ಒಂದು. ಮೂತ್ರ ಕಟ್ಟಿದ್ರೂ, ಇನ್ಫೆಕ್ಷನ್ ಇದ್ರೂ, ಪೈಪ್ ಹಾಕಿದ್ರೂ ಪಿಎಸ್‌ಎ ಏರುತ್ತೆ, ಇದೊಂದರಿಂದ ಕ್ಯಾನ್ಸರ್ ಅಂತ ಹೇಳೋಕಾಗಲ್ಲ, ಆದ್ರೆ ಸುಮ್ಮನೆ ಬಿಡೋ ಹಾಗೂ ಇಲ್ಲ, ಮತ್ತೆ ಯಾವಾಗ ಮಾಡಿಸ್ಬೇಕು ಅಂತ ನಿನ್ನ ಡಾಕ್ಟ್ರ ಹತ್ರ ತಾರೀಕು ಕೇಳಿ ಬರೆಸ್ಕೊ ಅಂತ ಬರೆದ್ರು. ಡಾಕ್ಟ್ರೂ ಅದನ್ನೇ ಹೇಳಿದ್ರು. ಪೈಪ್ ತೆಗೆದು ಆರು ವಾರ ಆದ್ಮೇಲೆ ಮತ್ತೆ ಮಾಡಿಸಿದಾಗ ಇಳಿದಿತ್ತು. ಆ ಆರು ವಾರ ನಾನು ನಿದ್ದೆ ಮಾಡಿದೀನಿ ಅಂದ್ರೆ ಆ ಅಣ್ಣನ ಎರಡು ಕಾಗದದಿಂದ. ಧೈರ್ಯವಾಗಿರು ಅಂತ ಹೇಳೋರು ಊರ ತುಂಬ ಇದ್ರು, ತಮ್ಮ ರಿಪೋರ್ಟು ಹುಡುಕಿ ತೆಗೆದು ತೋರಿಸಿದೋರು ಅವರೊಬ್ಬರೇ.

ಆದ್ರೆ ಸ್ಕ್ಯಾನಲ್ಲಿ ನೋಡಿದ್ರೆ ಮೂತ್ರ ಹೋಗಿ ಬಂದ ಮೇಲೂ ಚೀಲದಲ್ಲಿ 200 ಎಂಎಲ್ ಮೇಲೆ ಉಳೀತಿತ್ತು. ಹೀಗೇ ಬಿಟ್ರೆ ಕಿಡ್ನಿಗೆ ತೊಂದರೆ, ಟಿಯುಆರ್‌ಪಿ ಅನ್ನೋ ಆಪರೇಷನ್ ಮಾಡೋಣ ಅಂದ್ರು. ಆಪರೇಷನ್ ಅಂದ್ರೆ ಹೊಟ್ಟೆ ಕುಯ್ಯೋದಲ್ಲ, ಮೂತ್ರನಾಳದ ಒಳಗಿಂದಾನೇ ಕ್ಯಾಮೆರಾ ಹಾಕಿ ಗ್ರಂಥಿಯ ಅಡ್ಡ ಬಂದಿರೋ ಭಾಗ ತೆಗೀತಾರೆ, ಸೊಂಟದ ಕೆಳಗೆ ಮರಗಟ್ಟೋ ಹಾಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು. ಮಾಡಿಸ್ಕೊಂಡಿದ್ದ ಮೂರ್ನಾಲ್ಕು ಅಣ್ಣಂದಿರು ಮುಂಚೇನೇ ಎಲ್ಲಾ ಹೇಳಿಬಿಟ್ಟಿದ್ರು. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದಲೇ ಹೇಳು, ನೀನಾಗಿ ನಿಲ್ಲಿಸಬೇಡ. ಮೊದಲ ದಿನ ಬ್ಯಾಗಲ್ಲಿ ಕೆಂಪಗೆ ಬರುತ್ತೆ, ಹೆದರಬೇಡ, ಸಲೈನ್ ಓಡಿಸ್ತಾ ಓಡಿಸ್ತಾ ತಿಳಿ ಆಗುತ್ತೆ. ಮನೆಗೆ ಬಂದು ಎರಡನೇ ವಾರದ ಹೊತ್ತಿಗೆ ಒಳಗಿನ ಗಾಯದ ಹಕ್ಕಳೆ ಬಿದ್ದು ಮತ್ತೆ ಸ್ವಲ್ಪ ಕೆಂಪು ಕಾಣಬಹುದು, ನೀರು ಕುಡಿ, ರಕ್ತದ ಗಡ್ಡೆ ಬಂದ್ರೆ ಅಥವಾ ಮೂತ್ರ ಕಟ್ಟಿದ್ರೆ ಆಸ್ಪತ್ರೆಗೆ ಓಡು. ಬಿಂದಿಗೆ ಎತ್ತಬೇಡ, ಸ್ಕೂಟರ್ ಒದೀಬೇಡ, ಮಲಬದ್ಧತೆ ಆಗದ ಹಾಗೆ ಸೊಪ್ಪು ಹಣ್ಣು ತಿನ್ನು. ಎರಡನೇ ವಾರದಲ್ಲಿ ನಿಜವಾಗ್ಲೂ ಕೆಂಪು ಕಾಣಿಸ್ತು. ನಮ್ಮನೆಯವರೇ, ಓ ಇದು ಆ ಅಣ್ಣ ಹೇಳಿದ್ದಲ್ವಾ ಅಂತ ನೀರಿನ ಚೊಂಬು ತಂದ್ರು. ತೆಗೆದ ತುಂಡುಗಳನ್ನ ಲ್ಯಾಬಿಗೆ ಕಳಿಸಿದ್ದು ಬಿನೈನ್, ಅಂದ್ರೆ ಕ್ಯಾನ್ಸರ್ ಅಲ್ಲ ಅಂತ ಬಂತು, ದೇವರು ದೊಡ್ಡವನು.

ಇನ್ನೊಂದು ಮಾತು, ಬರೀಬೇಕೋ ಬೇಡವೋ ಅಂತ ತುಂಬ ಯೋಚನೆ ಮಾಡ್ದೆ, ಬರೀತೀನಿ. ಒಬ್ಬ ಹಿರಿಯರು, ವಯಸ್ಸಲ್ಲಿ ನನಗಿಂತ ಬಹಳ ದೊಡ್ಡೋರು, ಗ್ರೂಪಲ್ಲಿ ಅಲ್ಲ, ನನಗೊಬ್ಬನಿಗೇ ವಾಯ್ಸ್ ಮೆಸೇಜ್ ಕಳಿಸಿದ್ರು. ಈ ಆಪರೇಷನ್ ಆದ್ಮೇಲೆ ಗಂಡ ಹೆಂಡತಿ ನಡುವಿನ ವಿಷಯದಲ್ಲಿ ವೀರ್ಯ ಹೊರಗೆ ಬರದೆ ಹಿಂದಕ್ಕೆ ಚೀಲದೊಳಗೆ ಹೋಗೋದು ಬಹಳ ಜನಕ್ಕೆ ಆಗುತ್ತೆ, ಅದರಿಂದ ದೇಹಕ್ಕೆ ತೊಂದರೆ ಇಲ್ಲ, ಗಂಡಸ್ತನ ಹೋಯ್ತು ಅಂತ ಕೊರಗಬೇಡ, ಮುಂಚೆನೇ ಡಾಕ್ಟ್ರ ಹತ್ರ ಕೇಳು, ಮನೆಯವರಿಗೂ ಹೇಳು ಅಂತ. ನಿಧಾನಕ್ಕೆ, ಮಧ್ಯೆ ಮಧ್ಯೆ ಕೆಮ್ಮಿ, ಪೂರ್ತಿ ಹೇಳಿದ್ರು. ನಮ್ಮ ಅಪ್ಪ ಆಗ್ಲಿ ಅಣ್ಣ ಆಗ್ಲಿ ಇದನ್ನ ನನ್ನ ಹತ್ರ ಮಾತಾಡೋ ಜನ ಅಲ್ಲ, ಆಸ್ಪತ್ರೇಲೂ ಒಪ್ಪಿಗೆ ಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು ಅಷ್ಟೇ. ಸರ್, ನಿಮಗೆ ನಾನು ಯಾವತ್ತೂ ಋಣಿ. ನೀವು ಒಪ್ಪಿದ ಮೇಲೇ ಇಷ್ಟು ಬರೆದಿದೀನಿ.

ಈಗ ದುಡ್ಡಿನ ವಿಷಯ. ಕ್ಯಾಶ್‌ಲೆಸ್ (ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟೋದು) ಕೊಡಲ್ಲ ಅಂದ್ಬಿಟ್ರು ಇನ್ಶೂರೆನ್ಸ್‌ನವರು. ಪ್ರಾಸ್ಟೇಟ್ ಆಪರೇಷನ್ನಿಗೆ 24 ತಿಂಗಳ ವೇಟಿಂಗ್ ಇದೆ, ಅಂದ್ರೆ ಪಾಲಿಸಿ ಮಾಡಿಸಿ ಅಷ್ಟು ತಿಂಗಳು ಆಗೋ ತನಕ ದುಡ್ಡು ಕೊಡಲ್ಲ, ನಿಮ್ಮ ಪಾಲಿಸಿಗೆ ಅಷ್ಟಾಗಿಲ್ಲ ಅಂತ. ಲಕ್ಷದ ಮೇಲೆ ಬಿಲ್ಲು. ನನ್ನ ಹತ್ರ ದೊಡ್ಡ ಮೊತ್ತ ಅಂತ ಇದ್ದಿದ್ದು ಪೋಸ್ಟಾಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಿನ 12 ಲಕ್ಷ, 8.2 ಪರ್ಸೆಂಟು, ಮೂರು ತಿಂಗಳಿಗೆ 24,600 ಬಡ್ಡಿ ಬರುತ್ತೆ, ಪಿಎಫ್ ಕಡೆಯ ಇಪಿಎಸ್ ಪೆನ್ಶನ್ ಎಷ್ಟು ಬರುತ್ತೆ ಅಂತ ನಮ್ಮವರಿಗೆ ಹೇಳೋದೇ ಬೇಡ, ಮನೆ ನಡೆಯೋದೇ ಆ ಬಡ್ಡೀಲಿ. ಅದನ್ನ ಮುರಿಸೋಣ ಅಂತ ಹೊರಟಿದ್ದೆ. ಅರಸೀಕೆರೆ ಅಕೌಂಟ್ಸ್ ಸರ್ ತಡೆದ್ರು. ಅದರಲ್ಲಿ ಬೇಕಾದಷ್ಟು ಮಾತ್ರ ತೆಗೆಯೋಕೆ ಬರಲ್ಲ, ಅಕೌಂಟ್ ಪೂರ್ತಿ ಮುಚ್ಚಬೇಕು, ಎರಡು ವರ್ಷ ದಾಟಿದ್ರೂ ಅವಧಿಗೆ ಮುಂಚೆ ಮುಚ್ಚಿದ್ರೆ ಅಸಲಲ್ಲಿ 1 ಪರ್ಸೆಂಟ್ ಹಿಡೀತಾರೆ, ಅಂದ್ರೆ 12,000. ಅದರ ಬದಲು ಬ್ಯಾಂಕಲ್ಲಿರೋ ಸಣ್ಣ ಎಫ್‌ಡಿ ಮೇಲೆ ಒಂದು ಲಕ್ಷ ಸಾಲ ತಗೊ, 8 ಪರ್ಸೆಂಟ್ ಅಂತ ಹಿಡಿದ್ರೂ ಮೂರು ತಿಂಗಳಿಗೆ 2,000 ಬಡ್ಡಿ, ಅಷ್ಟರೊಳಗೆ ಕ್ಲೇಮ್ ತರಿಸೋಣ ಅಂತ ಲೆಕ್ಕ ಬರೆದ ಚೀಟಿ ಫೋಟೋ ಕಳಿಸಿದ್ರು. ಉಳಿದಿದ್ದು ಮಗ ಹಾಕ್ದ.

ಕ್ಲೇಮಿನ ವಿಷಯದಲ್ಲಿ ಅವರು ಹಿಡಿದ ಪಾಯಿಂಟೇ ನನಗೆ ದುಡ್ಡು ತಂದುಕೊಟ್ಟಿದ್ದು. ನಾನು ಮೊದಲು ಬೇರೆ ಕಂಪನೀಲಿ ಪಾಲಿಸಿ ಮಾಡಿಸಿದ್ದೆ 2021ರಲ್ಲಿ, ಒಂದು ವರ್ಷಾನೂ ಬಿಡದೆ ಕಟ್ಟಿ 2024ರಲ್ಲಿ ಈ ಕಂಪನಿಗೆ ಪೋರ್ಟ್ ಮಾಡಿಸ್ಕೊಂಡೆ, ಅಂದ್ರೆ ಪಾಲಿಸೀನ ವರ್ಗಾಯಿಸ್ಕೊಂಡೆ. ಪೋರ್ಟ್ ಆದ ಪಾಲಿಸಿಗೆ ಹಳೇ ಕಂಪನೀಲಿ ಕಳೆದ ವೇಟಿಂಗ್ ಪೀರಿಯಡ್ ಲೆಕ್ಕಕ್ಕೆ ಬರಬೇಕು, ಹಳೇ ಮೊತ್ತದ ಮಟ್ಟಿಗಾದ್ರೂ. ಹಾಗಾಗಿ 24 ತಿಂಗಳು ಯಾವಾಗ್ಲೋ ಮುಗಿದಿದೆ. ಹಳೇ ಪಾಲಿಸಿಯ ಎಲ್ಲಾ ವರ್ಷದ ಕಾಗದ ಜೋಡಿಸಿ, ಮೊದಲು ಕಂಪನಿಯ ದೂರು ವಿಭಾಗ, ಗ್ರೀವೆನ್ಸ್ ಸೆಲ್ಲಿಗೆ ಬರಹದಲ್ಲಿ ಹಾಕು, ಇನ್ಶೂರೆನ್ಸ್ ದೂರಿನ ಸರ್ಕಾರಿ ವೆಬ್‌ಸೈಟು ಬೀಮಾ ಭರೋಸಾ ಪೋರ್ಟಲ್ಲಲ್ಲೂ ಹಾಕಿ ನಂಬರ್ ಇಟ್ಕೊ, ತಿಂಗಳಾದ್ರೂ ಉತ್ತರ ಬರದಿದ್ರೆ ಅಥವಾ ಆಗಲ್ಲ ಅಂದ್ರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿ ತಕರಾರು ತೀರ್ಮಾನಿಸೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದಾರೆ, ಫೀಸಿಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಹೋಗ್ಬೇಕು ಅಂದ್ರು. ಅರ್ಜೀನ ಅವರೇ ಇಂಗ್ಲಿಷಲ್ಲಿ ಟೈಪ್ ಮಾಡಿ ಕಳಿಸಿದ್ರು, ನಾನು ಸೈನ್ ಹಾಕಿದೆ ಅಷ್ಟೇ. ಓಂಬುಡ್ಸ್‌ಮನ್ ತನಕ ಹೋಗೋ ಪ್ರಮೇಯ ಬರಲಿಲ್ಲ, ಗ್ರೀವೆನ್ಸ್ ಸೆಲ್ಲಲ್ಲೇ ಒಪ್ಕೊಂಡ್ರು. ಯಾರೇ ಪೋರ್ಟ್ ಮಾಡಿಸಿದ್ರೂ ಹಳೇ ಪಾಲಿಸಿ ಕಾಗದ ಬಿಸಾಕಬೇಡಿ, ನನ್ನದು ಉಳಿದಿದ್ದು ನಮ್ಮನೆಯವರು ಟ್ರಂಕಲ್ಲಿ ಜೋಪಾನ ಮಾಡಿದ್ದರಿಂದ. ಹಾಗೇ ರಿನ್ಯೂವಲ್ ನೋಟಿಸ್ ಬಂದವರು ಗಮನಿಸಿ, 2025ರ ಸೆಪ್ಟೆಂಬರ್ 22ರಿಂದ ನಾವೇ ಮಾಡಿಸೋ ಹೆಲ್ತ್ ಪಾಲಿಸಿ ಮೇಲೆ ಜಿಎಸ್‌ಟಿ ಇಲ್ಲ, ಮುಂಚೆ 18 ಪರ್ಸೆಂಟ್ ಇತ್ತು, ಇದೂ ಅವರೇ ಹೇಳಿದ್ದು.

ಮನೇಲಿ ಪೈಪ್ ಹಾಕ್ಕೊಂಡು ಮಲಗಿದ್ದಾಗ್ಲೇ ಒಂದು ವಿಡಿಯೋ ಕಾಲ್ ಬಂದಿತ್ತು, ಪೊಲೀಸ್ ಡ್ರೆಸ್ಸು, ನಿಮ್ಮ ಆಧಾರ್ ಮೇಲೆ ಪಾರ್ಸಲ್ ಸಿಕ್ಕಿದೆ, ಯಾರಿಗೂ ಹೇಳಬೇಡಿ, ಲೈನಲ್ಲೇ ಇರಿ ಅಂತ. ನಾನು ಕಟ್ ಮಾಡಿದೆ, ಯಾಕಂದ್ರೆ ನಮ್ಮಲ್ಲಿ ಒಬ್ಬ ದೊಡ್ಡಣ್ಣ ತಮ್ಮ ರಿಟೈರ್‌ಮೆಂಟ್ ದುಡ್ಡಲ್ಲಿ ದೊಡ್ಡ ಪಾಲು ಇದೇ ಥರ ಕಳ್ಕೊಂಡು, ಆ ಕಳ್ಳರು ಆಡಿದ ಮಾತನ್ನ ಇದ್ದ ಹಾಗೇ ಗ್ರೂಪಲ್ಲಿ ಹೇಳಿದ್ರು. ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಲ್ಲೇ ಇಲ್ಲ, ದುಡ್ಡು ಹೋದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ಬೇರೆ ಬೇರೆ ಅಕೌಂಟಿಗೆ ದಾಟಿ ಹೋಗುತ್ತೆ ಅಂತ. ಆವತ್ತು ಒಬ್ಬರೂ ಅವರಿಗೆ ಬುದ್ಧಿ ಹೇಳಲಿಲ್ಲ, ಯಾಕೆ ಹೀಗ್ ಮಾಡಿದ್ರಿ ಅನ್ನಲಿಲ್ಲ. ಇಬ್ಬರು ಅವರ ಊರಿಗೇ ಹೋಗಿ ಸೈಬರ್ ಸ್ಟೇಷನ್ನಿಗೆ ಜೊತೆಯಾದ್ರು. ಅಣ್ಣ, ನಿಮ್ಮ ದುಡ್ಡು ಪೂರ್ತಿ ವಾಪಸ್ ಬರಲಿ ಅಂತ ದಿನಾ ಬೇಡ್ಕೋತೀನಿ. ನೀವು ಬಾಯಿಬಿಡದಿದ್ರೆ ಆ ಸ್ಥಿತೀಲಿ, ಮಾತ್ರೆ ಮಂಪರಲ್ಲಿ, ನಾನು ಲೈನಲ್ಲಿ ಇದ್ದುಬಿಡ್ತಿದ್ನೋ ಏನೋ.

ಇನ್ನೂ ಎಷ್ಟೋ ಜನ ಇದಾರೆ. ಇಪಿಎಸ್‌ನವರು ಜೀವನ್ ಪ್ರಮಾಣ್, ಅಂದ್ರೆ ಬದುಕಿದೀವಿ ಅನ್ನೋ ಸರ್ಟಿಫಿಕೇಟು, ವರ್ಷದಲ್ಲಿ ಯಾವಾಗ ಬೇಕಾದ್ರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತೆ ಅಂತ ಹೇಳಿ ನನ್ನ ಫೋನಲ್ಲೇ ಮುಖ ತೋರಿಸಿ ಮಾಡಿಸಿಕೊಟ್ಟ ಹಾಸನದ ತಮ್ಮ. ಎಲೆ ಕಷಾಯದ ಫಾರ್ವರ್ಡ್ ಬಂದಾಗೆಲ್ಲಾ ಇದು ನಿಮ್ಮ ಡಾಕ್ಟ್ರು ಹೇಳಿದ್ದಾ ಅಂತ ಮರ್ಯಾದೆಯಿಂದ ಕೇಳೋ, ಸ್ವತಃ ಡಯಾಲಿಸಿಸ್ಸಲ್ಲಿರೋ ಸಕಲೇಶಪುರದ ಅಣ್ಣ. ಪ್ರಾಸ್ಟೇಟ್ ಮಾತ್ರೆ ತಗೊಂಡ ರಾತ್ರಿ ಎದ್ದಾಗ ಮಂಚದ ಅಂಚಲ್ಲಿ ಸ್ವಲ್ಪ ಕೂತು ಆಮೇಲೆ ನಿಂತ್ಕೊ, ಬಿಪಿ ಇಳಿದು ತಲೆ ತಿರುಗುತ್ತೆ ಅಂತ ಹೇಳಿದೋರು ಯಾರು ಅಂತಾನೇ ಮರೆತಿದೀನಿ, ಆದ್ರೆ ಅದನ್ನ ಈಗ್ಲೂ ಮಾಡ್ತೀನಿ.

ಮುಂದಿನ ವಾರ ಅಡ್ಮಿಟ್ ಆಗ್ತಿರೋ ಬೇಲೂರಿನ ಅಣ್ಣನಿಗೆ ಒಂದು ಮಾತು. ನನ್ನ ಆಸ್ಪತ್ರೆ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಗ್ರೀವೆನ್ಸಿಗೆ ಹಾಕಿದ ಅರ್ಜಿ ಎಲ್ಲದರ ಫೋಟೋ ಇವತ್ತೇ ಕಳಿಸ್ತೀನಿ. ಅಕ್ಕನ ಹತ್ರ ನಮ್ಮನೆಯವರು ಮಾತಾಡ್ತಾರಂತೆ, ಯಾವ ಹೊತ್ತಾದ್ರೂ ಸರಿ ಫೋನ್ ಮಾಡೋಕೆ ಹೇಳಿ. ಆಪರೇಷನ್ ದಿನ ನಾನು ಬಸ್ಸಿಗೆ ಬರ್ತೀನಿ, ರಾತ್ರಿ ಆಸ್ಪತ್ರೇಲಿ ನಾನೇ ಇರ್ತೀನಿ, ನಿಮ್ಮ ಮಗ ಮನೆಗೆ ಹೋಗಿ ಮಲಗಲಿ.