ಬಣ್ಣಕ್ಕೆ ಮೊದಲು ನೀರು ಹುಡುಕು

ತೀರ್ಥಹಳ್ಳಿ
ಆಷಾಢ ಮಾಸ

ಚಿ. ಸೌ. ಸುಮಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಜೋರಾಗಿದೆ, ಕರೆಂಟು ಇದ್ದಷ್ಟು ಹೊತ್ತು ಇದೆ.

ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಮಲಗುವ ಕೋಣೆಯ ಬೀರುವಿನ ಹಿಂದೆ ಗೋಡೆಯ ತುಂಬ ಕಪ್ಪು ಚುಕ್ಕಿ, ಮೂಲೆಯಲ್ಲಿ ಬೂದು ಬಣ್ಣದ ಪದರ, ಬೀರುವಿನ ಪ್ಲೈವುಡ್ ಬೆನ್ನಿಗೂ ಅದೇ ಬೂಷ್ಟು. ಯಾವ ಪೇಂಟ್ ಒಳ್ಳೆಯದು ಮಾವ ಎಂದು ಕೇಳಿದ್ದೀಯೆ. ಯಾವುದೂ ಅಲ್ಲ. ಈಗ ಡಬ್ಬ ತಂದು ಬಳಿಸಿದರೆ ದೀಪಾವಳಿಯ ಹೊತ್ತಿಗೆ ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತದೆ, ಅದರಡಿಯಲ್ಲಿ ಬೂಷ್ಟು ಸುಖವಾಗಿರುತ್ತದೆ. ಸರ್ಕಾರಿ ಕಟ್ಟಡಗಳ ಇಂಜಿನಿಯರನಾಗಿ ಸರ್ವಿಸು ಪೂರ್ತಿ ಸೋರುವ ಗೋಡೆಗಳ ಮುಂದೆ ನಿಂತವನು ನಾನು. ಕಲೆ ಕಂಡ ಕೂಡಲೇ ಬಣ್ಣದವನನ್ನು ಕರೆಯುವ ಚಾಳಿಗೆ ಎಷ್ಟು ದುಡ್ಡು ಹೋಗಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಬೂಷ್ಟಿನ ಬೀಜಕಣ ಎಲ್ಲ ಕಡೆಯ ಗಾಳಿಯಲ್ಲೂ ಇರುತ್ತದೆ. ಅದನ್ನು ಮನೆಯೊಳಗೆ ಬಿಡದೆ ಇರುವುದು ಯಾರಿಂದಲೂ ಆಗದು. ಅದರ ಊಟಕ್ಕೂ ಬರವಿಲ್ಲ: ಮರ, ಕಾಗದ, ಚರ್ಮದ ಬೆಲ್ಟು, ಪ್ಲೈವುಡ್ಡಿನ ಅಂಟು, ಗೋಡೆಗೆ ಹತ್ತಿದ ಬರಿಯ ದೂಳಾದರೂ ಸಾಕು. ನಮ್ಮ ಕೈಯಲ್ಲಿರುವುದು ನೀರೊಂದೇ. ಗೋಡೆಯ ಮೈಗೆ ತಗುಲಿದ ಗಾಳಿಯ ಆರ್ದ್ರತೆ ದಿನಗಟ್ಟಲೆ 80 ಶೇಕಡಾ ದಾಟಿದರೆ ಬೂಷ್ಟು ಬೇರೂರುತ್ತದೆ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿಬಿಟ್ಟರೆ ಸಾಮಾನ್ಯವಾಗಿ ಅದಕ್ಕೆ ಅವಕಾಶ ಸಿಗುವುದಿಲ್ಲ. ಬೀರುವಿನ ಹಿಂದೆಯೇ ಏಕೆ ಬಂತು ಎಂದರೆ ಅಲ್ಲಿ ಗಾಳಿಯಾಡುವುದಿಲ್ಲ, ಗೋಡೆ ಉಳಿದ ಕಡೆಗಿಂತ ತುಸು ತಣ್ಣಗಿರುತ್ತದೆ. ಬೀರು, ಮಂಚ, ಪುಸ್ತಕದ ಕಪಾಟು ಏನಿದ್ದರೂ ಹೊರಗೋಡೆಯಿಂದ ಅರ್ಧ ಗೇಣಾದರೂ ಈಚೆಗಿರಲಿ.

ಈಗ ಆ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಬೇಕು. ಗೋಡೆಯೊಳಗಿನಿಂದ ಒಸರುತ್ತಿದೆಯೋ, ಕೋಣೆಯ ಗಾಳಿಯಲ್ಲಿದ್ದದ್ದು ಗೋಡೆಯ ಮೇಲೆ ಕೂರುತ್ತಿದೆಯೋ? ಎರಡಕ್ಕೂ ಮದ್ದು ಬೇರೆ. ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಇರುತ್ತದಲ್ಲ, ಅದರ ಒಂದು ತುಂಡನ್ನು ಎರಡು ಅಂಗೈ ಅಗಲಕ್ಕೆ ಕತ್ತರಿಸು. ಕಲೆಯ ಪಕ್ಕದಲ್ಲೇ ಬೂಷ್ಟಿಲ್ಲದ ಜಾಗವನ್ನು ಒರೆಸಿ, ಫ್ಯಾನಿನ ಗಾಳಿಗೆ ಒಣಗಿಸಿ, ಫಾಯಿಲನ್ನು ಒತ್ತಿ ಹಿಡಿದು ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪ್ ಹಚ್ಚು. ಎರಡು ದಿನ ಮುಟ್ಟಬೇಡ. ಆಮೇಲೆ ನೋಡು. ಕೋಣೆಯ ಕಡೆಯ ಮೈಯಲ್ಲಿ ಹನಿ ಕೂತಿದ್ದರೆ ತಪ್ಪು ಮನೆಯೊಳಗಿನ ಗಾಳಿಯದು. ಕಿತ್ತಾಗ ಗೋಡೆಯ ಕಡೆ ಒದ್ದೆಯಿದ್ದರೆ ನೀರು ಒಳಗಿನಿಂದ ಬರುತ್ತಿದೆ. ಎರಡೂ ಕಡೆ ಒದ್ದೆಯಾದರೂ ಗಾಬರಿಯಾಗಬೇಡ, ಮಂಗಳೂರಿನಲ್ಲಿ ಅದೂ ಆಗುತ್ತದೆ.

ಗೋಡೆಯ ಕಡೆ ಒದ್ದೆಯಿದ್ದರೆ ಮೊದಲು ಕಿಟಕಿ ನೋಡು. ಅಲ್ಯೂಮಿನಿಯಂ ಜಾರು ಕಿಟಕಿಯ ಕೆಳ ಪಟ್ಟಿಯಲ್ಲಿ ಹೊರಮುಖಕ್ಕೆ ಸಣ್ಣ ತೂತುಗಳಿರುತ್ತವೆ, ಪಟ್ಟಿಗೆ ಬಿದ್ದ ಮಳೆನೀರು ಹೊರಗೆ ಹೋಗಲೆಂದೇ ಇಟ್ಟದ್ದು. ದೂಳು, ಸತ್ತ ಇರುವೆ, ಗಾರೆಯ ಚೂರು ಸೇರಿ ಅವು ಮುಚ್ಚಿಹೋದರೆ ನೀರು ಪಟ್ಟಿಯಲ್ಲಿ ತುಂಬಿ ಒಳಗೋಡೆಗೆ ಇಳಿಯುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಹಾಕಿ ಬಿಡಿಸಿ, ಒಂದು ಲೋಟ ನೀರು ಹೊಯ್ದು ಹೊರಗೆ ಇಳಿಯುತ್ತದೆಯೇ ನೋಡು. ಸಾವಿರಾರು ರೂಪಾಯಿಯ ರಿಪೇರಿ ಎಂದುಕೊಂಡದ್ದು ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ. ಅದಲ್ಲವಾದರೆ ಕಿಟಕಿಯ ಮೇಲಿನ ಸಜ್ಜೆಯಲ್ಲಿ ನೀರು ನಿಂತಿದೆಯೇ, ತಾರಸಿಯ ನೀರಿಳಿಯುವ ಕೊಳವೆಗೆ ಎಲೆ ಕಟ್ಟಿದೆಯೇ, ಮೇಲಿನ ಮನೆಯ ಸ್ನಾನದ ಕೋಣೆ ನಿನ್ನ ಗೋಡೆಯ ನೆತ್ತಿಗೇ ಇದೆಯೇ ನೋಡಬೇಕು. ಮಳೆ ಬಿಟ್ಟ ದಿನವೂ ಕಲೆ ಹಸಿಯಾಗಿಯೇ ಇದ್ದರೆ ನನ್ನ ಅನುಮಾನ ಮೇಲಿನವರ ನಹನಿ ಟ್ರ್ಯಾಪಿನ (ಸ್ನಾನದ ಕೋಣೆಯ ನೆಲದಲ್ಲಿ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲಿನ) ಮೇಲೆ.

ನಿನ್ನ ಆ ಕೋಣೆ ಪಡುವಣಕ್ಕಿದೆ ಎಂದು ನೆನಪು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಪಡುವಣ ಗೋಡೆಗೆ ಗಾಳಿಮಳೆಯ ಏಟು ನೇರ ಬೀಳುತ್ತದೆ. ಮುರಕಲ್ಲಿನ ಗೋಡೆಯಾದರೆ ಕಲ್ಲಿನ ಮೈ ತುಂಬ ತೂತು, ಹೊರಗಿನ ಗಾರೆ ಕೂದಲೆಳೆಯಷ್ಟು ಬಿಟ್ಟರೂ ನೀರು ಕುಡಿಯುತ್ತದೆ. ಹಿಂದಿನವರು ಮಾಡನ್ನು ಗೋಡೆಯಿಂದ ಮಾರುದ್ದ ಹೊರಗೆ ಚಾಚುತ್ತಿದ್ದರು, ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗಿನ ಕಟ್ಟಡಗಳ ನಕ್ಷೆ ನೋಡಿದರೆ ಮಳೆಯೇ ಬಾರದ ಊರಿಗೆ ಬರೆದಂತಿರುತ್ತದೆ. ಹೊರಗಿನ ಬಿರುಕನ್ನು ಹೊರಗಿನಿಂದಲೇ ಮುಚ್ಚಬೇಕು. ಒಳಗಿನಿಂದ ವಾಟರ್‌ಪ್ರೂಫ್ ಬಳಿದರೆ ನೀರು ಪಕ್ಕದ ಗೋಡೆಯಲ್ಲಿ ಮುಖ ತೋರಿಸುತ್ತದೆ. ಈ ಕೆಲಸಕ್ಕೆ ಮಳೆ ಪೂರಾ ನಿಲ್ಲಬೇಕು, ಗೋಡೆ ಕೆಲವು ವಾರ ಒಣಗಬೇಕು. ಆಮೇಲೆ ಒಳಗೆ ಬಣ್ಣದ ಬದಲು ಸುಣ್ಣ ಹೊಡೆಸಲು ಒಪ್ಪಿದರೆ ನನಗೆ ಸಂತೋಷ. ಹೊಸ ಸುಣ್ಣದ ಕ್ಷಾರ ಬೂಷ್ಟಿಗೆ ಆಗದು, ಗೋಡೆಯೊಳಗಿನ ಪಸೆಯನ್ನೂ ಅದು ಹೊರಗೆ ಬಿಡುತ್ತದೆ. ಸೀರೆಗೆ ಹತ್ತುತ್ತದೆ ಎಂದು ನಿನ್ನ ಅತ್ತೆಯಂತೆ ನೀನೂ ಗೊಣಗಬಹುದು.

ಇನ್ನು ತಪ್ಪು ಗಾಳಿಯದಾದರೆ ಮನೆಯೊಳಗೆ ನಾವೇ ಎಷ್ಟು ನೀರು ಹುಟ್ಟಿಸುತ್ತೇವೆ ಗೊತ್ತೇ? ಅಡುಗೆ ಅನಿಲ ಉರಿದರೆ ಶಾಖದ ಜೊತೆಗೆ ನೀರಾವಿಯೂ ಬರುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಮನೆಗೆ ಸೇರಿರುತ್ತದೆ. ಪಾತ್ರೆಯೊಳಗೆ ಕುದಿಯುವ ನೀರಿನ ಲೆಕ್ಕ ಬೇರೆ. ಅಳಿಯಂದಿರಿಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕು, ಅದು ಮುಚ್ಚಳವಿಲ್ಲದೆ ಗಂಟೆಗಟ್ಟಲೆ ಕುದಿಯುತ್ತದೆ. ಕುಕ್ಕರಿಗೆ ಹಾಕು, ಇಲ್ಲವೇ ಮುಚ್ಚಳ ಮುಚ್ಚಿ ಹೊಗೆ ಹೊರಹಾಕುವ ಫ್ಯಾನ್ ಹಾಕು. ಒಂದು ಬಾರಿ ಒಗೆದ ಬಟ್ಟೆಯನ್ನು ಕೋಣೆಯಲ್ಲಿ ಹರವಿದರೆ ಸುಮಾರು ಎರಡು ಲೀಟರ್ ನೀರು ಗಾಳಿಗೆ ಹೋಗುತ್ತದೆ. ಮಗುವಿನ ಬಟ್ಟೆಯಾದ್ದರಿಂದ ದಿನವೂ ಒಗೆಯುವುದು ತಪ್ಪದು, ಅದು ಗೊತ್ತು. ಆದರೆ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಬೇಡ. ಮಿಷಿನ್‌ನಲ್ಲಿ ಎರಡು ಬಾರಿ ಹಿಂಡಿಸಿ, ಕಿಟಕಿಯಿರುವ ಒಂದು ಕೋಣೆಗೆ ಮಾತ್ರ ಬಟ್ಟೆಯನ್ನು ಬಿಟ್ಟು ಬಾಗಿಲು ಮುಚ್ಚಿಬಿಡು. ಸ್ನಾನವಾದ ಮೇಲೆ ಕಾಲು ಗಂಟೆ ಎಕ್ಸಾಸ್ಟ್ ಫ್ಯಾನ್ ತಿರುಗಲಿ, ಬಾಗಿಲಿನ ಕೆಳಗೆ ಬೆರಳು ಹೋಗುವಷ್ಟು ಸಂದಿರಲಿ. ಗಾಳಿ ಒಳಗೆ ಬರಲು ದಾರಿಯಿಲ್ಲದೆ ಫ್ಯಾನ್ ಯಾವ ಗಾಳಿಯನ್ನು ಹೊರಗೆ ತಳ್ಳೀತು?

ಕೆಲವು ನೂರು ರೂಪಾಯಿಗೆ ಆರ್ದ್ರತೆ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಒಂದನ್ನು ತರಿಸಿಕೋ. ಅದರ ಮಾತನ್ನು ಹಾಗೇ ನಂಬಬೇಡ. ಬಾಟಲಿಯ ಬಿರಡೆಯಲ್ಲಿ ಅಡುಗೆ ಉಪ್ಪು ತುಂಬಿ, ಕರಗಿಹೋಗದಂತೆ ನಾಲ್ಕು ಹನಿ ನೀರು ಹಾಕಿ ಕೆಸರಿನಂತೆ ಮಾಡಿ, ಮೀಟರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ರಾತ್ರಿಯಿಡೀ ಇಡು. ಬೆಳಿಗ್ಗೆ 75 ಶೇಕಡಾ ತೋರಿಸಬೇಕು. 70 ತೋರಿಸಿದರೆ ಅದು ಐದು ಕಡಿಮೆ ಹೇಳುವ ಮೀಟರ್, ಅಷ್ಟು ಕೂಡಿಸಿಕೊಂಡರಾಯಿತು. ಮನೆಯೊಳಗೆ 60ರ ಕೆಳಗಿದ್ದರೆ ಬಹಳ ಒಳ್ಳೆಯದು. ಜುಲೈಯಲ್ಲಿ ಮಂಗಳೂರಿನ ಹೊರಗಿನ ಗಾಳಿಯೇ 90ರ ಆಸುಪಾಸಿನಲ್ಲಿರುವಾಗ ಕಿಟಕಿ ತೆರೆದ ಮಾತ್ರಕ್ಕೆ ಅದು ಸಾಧ್ಯವಿಲ್ಲ. ಹಾಗೆಂದು ಮುಚ್ಚಿಕೊಂಡು ಕೂರಬೇಡ. ಅಡುಗೆ, ಸ್ನಾನ, ಉಸಿರು ಸೇರಿ ಒಳಗಿನ ಗಾಳಿಯಲ್ಲಿ ಹೊರಗಿಗಿಂತ ಹೆಚ್ಚು ನೀರಿರುತ್ತದೆ, ಹಳಸಿದ ಗಾಳಿಯೂ ಹೋಗಬೇಕು. ಮಳೆ ಹೊಳವಾದಾಗ ಎದುರುಬದುರು ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಗಾಳಿ ಹಾಯಿಸು. ನೆಲ ಬೆವರುವ ದಿನ ಮಾತ್ರ ಬೇಡ. ತಣ್ಣಗಿನ ಟೈಲ್ಸಿಗೆ ಬೆಚ್ಚನೆಯ ಗಾಳಿ ತಾಗಿದಷ್ಟೂ ಹನಿ ಹೆಚ್ಚಾಗುತ್ತದೆ. ಕೈಯಲ್ಲಿ ಹಣವಿದ್ದರೆ ಆ ಕೋಣೆಗೆ ಗಾಳಿಯ ಪಸೆ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್, ಕೊಳ್ಳಿ. ಏಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಹಾಕಬಹುದು. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಬೂಷ್ಟು ಅದರಲ್ಲೇ ಮನೆ ಮಾಡುತ್ತದೆ.

ಊರ ಮನೆಯಲ್ಲಿ ಬಚ್ಚಲೊಲೆ ದಿನವಿಡೀ ಉರಿಯುತ್ತಿತ್ತು, ಬೂಷ್ಟೇ ಇರಲಿಲ್ಲ ಎಂದು ನಿನ್ನ ಅಮ್ಮ ಹೇಳಿದ್ದಾಳಂತೆ. ಅಕ್ಕನ ನೆನಪು ಅರ್ಧ ನಿಜ. ಒಲೆಯ ಬಿಸಿ ಗೋಡೆಗಳನ್ನು ಒಣಗಿಸಿಡುತ್ತಿತ್ತು, ಸರಿ. ಒಲೆಯ ಮುಂದೆ ಜೀವ ತೇಯ್ದ ಹೆಂಗಸರ ಕೆಮ್ಮನ್ನು ಅವಳು ಲೆಕ್ಕಕ್ಕೆ ತಂದಿಲ್ಲ. ಬೂಷ್ಟಿನ ಮುಗ್ಗಲು ವಾಸನೆ ಹೋಗಲೆಂದು ಧೂಪ, ಊದಿನಕಡ್ಡಿ, ರೂಮ್ ಫ್ರೆಶ್‌ನರ್ ಹಾಕುವುದೂ ಬೇಡ. ಸೊಳ್ಳೆಬತ್ತಿಯಂತೂ ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ, ಸೊಳ್ಳೆ ಪರದೆ ಕಟ್ಟು. ಮಗುವಿನ ಬಟ್ಟೆಯಿರುವ ಕಪಾಟಿನಿಂದ ನುಸಿಗುಳಿಗೆಯನ್ನು ಇವತ್ತೇ ತೆಗೆ. ಅದು ಬೂಷ್ಟನ್ನು ತಡೆಯುವುದಿಲ್ಲ. ಅದರಲ್ಲಿರುವ ನ್ಯಾಫ್ತಲೀನ್, ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳ ರಕ್ತಕಣಗಳನ್ನು ಒಡೆಯುತ್ತದೆ. ಯಾವ ಮಗುವಿಗೆ ಆ ಕೊರತೆಯಿದೆ ಎಂದು ಮುಖ ನೋಡಿ ತಿಳಿಯದು.

ಈಗಿರುವ ಕಲೆಯನ್ನು ತೆಗೆಯುವಾಗ ಮಗು ಮನೆಯಲ್ಲಿರಬಾರದು. ಎನ್-95 ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಒಣ ಪೊರಕೆಯಿಂದ ಉಜ್ಜಿದರೆ ಕಣಗಳೆಲ್ಲ ಮನೆ ತುಂಬುತ್ತವೆ. ಬೂಷ್ಟು ಹಿಡಿದ ಹತ್ತಿಯ ಹಾಸಿಗೆ, ದಿಂಬು ಉಳಿಯುವುದಿಲ್ಲ, ಆಸೆ ಬಿಡು. ಕೆಲಸದವಳು ಬ್ಲೀಚಿಂಗ್ ಪೌಡರಿಗೆ ಬಾತ್‌ರೂಮ್ ತೊಳೆಯುವ ಆಸಿಡ್ ಬೆರೆಸಲು ಹೊರಟರೆ ಕೈ ಹಿಡಿದು ನಿಲ್ಲಿಸು. ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ಮಗುವಿನ ಎದೆಯಲ್ಲಿ ಗುಂಯ್‌ಗುಡುವ ಸದ್ದು ರಾತ್ರಿಯೇ ಹೆಚ್ಚು ಎಂದೆ. ಡಾಕ್ಟರಿಗೆ ಈ ಫೋಟೋಗಳನ್ನೂ ತೋರಿಸು, ಅವರಾಗಿ ಕೇಳುವವರೆಗೆ ಕಾಯಬೇಡ. ಇದು ಮಂಗಳೂರಿನಲ್ಲಿ ಎಲ್ಲರ ಮನೆಯಲ್ಲೂ ಇರುವುದೇ, ನೀವು ಸರಿಯಾಗಿ ಇಟ್ಟುಕೊಳ್ಳುವುದಿಲ್ಲ ಎಂದು ಮನೆಯ ಮಾಲೀಕರು ಅಂದರಂತೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲೂ ಬಾಡಿಗೆ ಮನೆಯೊಂದರ ಬೂಷ್ಟಿಗೆ ಅಲ್ಲಿದ್ದ ಸಂಸಾರದ ರೀತಿಯೇ ಕಾರಣ ಎಂದಿದ್ದರು. ಆ ಮನೆಯ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟಿನಿಂದಾದ ಉಸಿರಾಟದ ತೊಂದರೆಯೇ ಕಾರಣ ಎಂದು 2022ರಲ್ಲಿ ಅಧಿಕೃತ ವಿಚಾರಣೆ ಹೇಳಿತು. ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನು ಬಂದು, 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿಯ, ಎಂದರೆ ಕಡಿಮೆ ಬಾಡಿಗೆಗೆ ಕೊಡುವ ಸಾರ್ವಜನಿಕ ಮನೆಗಳ, ಮಾಲೀಕರು ಇಂಥ ದೂರನ್ನು ಗಡುವಿನೊಳಗೆ ಪರಿಶೀಲಿಸಲೇಬೇಕಾಗಿದೆ. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ, ಅಂಥ ಮಾತಿಗೆ ನೀನು ತಲೆತಗ್ಗಿಸಬೇಡ ಎಂದು ಬರೆಯುತ್ತಿದ್ದೇನೆ. ಫಾಯಿಲಿನ ಫೋಟೋ, ಗೋಡೆಯ ಫೋಟೋ ತಾರೀಖಿನ ಸಮೇತ ಇಟ್ಟುಕೋ. ಮಾಲೀಕರಿಗೆ ಬಾಯಿಮಾತಿನಲ್ಲಿ ಬೇಡ, ಬರೆದು ಕಳಿಸು. ಮಳೆ ಮುಗಿದ ಮೇಲೂ ರಿಪೇರಿಗೆ ಒಪ್ಪದಿದ್ದರೆ ಅಡ್ವಾನ್ಸ್ ವಾಪಸು ಕೇಳಿ ಬೇರೆ ಮನೆ ನೋಡಿ. ನೋಡುವಾಗ ಅವರ ಹೊಸ ಬಣ್ಣಕ್ಕೆ ಮರುಳಾಗದೆ ಕಪಾಟುಗಳ ಬಾಗಿಲು ತೆರೆದು ಮೂಸಿ ನೋಡಿ.

ಸದ್ಯಕ್ಕೆ ಮಗುವನ್ನು ಮೂಡಣದ ಕೋಣೆಯಲ್ಲಿ ಮಲಗಿಸು. ನವರಾತ್ರಿ ಕಳೆದ ಮೇಲೆ ನಾನೇ ಬರುತ್ತೇನೆ. ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆಯೆಂದು ವಿಚಾರಿಸಿಟ್ಟಿರು, ಒಂದು ಒಳ್ಳೆಯ ಏಣಿಯನ್ನೂ ಹೇಳಿಡು. ಅತ್ತೆ ಮಿಡಿ ಉಪ್ಪಿನಕಾಯಿ ಕಳಿಸುತ್ತಾಳೆ.

ಇಂತಿ ನಿನ್ನ ಮಾವ