ಕರೆಂಟು ಹೋದ ಮೇಲೆ ಬರುವ ಮುನ್ಸೂಚನೆ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಎರಡನೇ ಹಂತದಲ್ಲಿ ವಿದ್ಯುತ್ ವ್ಯತ್ಯಯದ ಮುನ್ಸೂಚನೆಯನ್ನು ಮನೆಮನೆಗೆ ಸ್ವಯಂಚಾಲಿತ ದೂರವಾಣಿ ಕರೆಯ ಮೂಲಕ ತಲುಪಿಸುವ ವ್ಯವಸ್ಥೆ ‘ಯಶಸ್ವಿಯಾಗಿ ನಡೆಯುತ್ತಿದೆ’ ಎಂದು ವಿದ್ಯುತ್ ಕಂಪನಿಯ ಅಧಿಕಾರಿಗಳು ಹೇಳಿರುವುದನ್ನು ಗುರುವಾರದ ವರದಿಯಲ್ಲಿ ಓದಿದೆ. ಆ ಯಶಸ್ಸು ಬುಧವಾರವೇ ನಮ್ಮ ಮನೆಗೂ ಬಂದು ಹೋಗಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಂದು ನನ್ನ ತಂದೆಯವರ ತಿಥಿ. ಮಡಿಯಲ್ಲಿದ್ದ ನನ್ನ ಪತ್ನಿ ವಡೆಗೆ ನೆನೆಹಾಕಿದ್ದ ಉದ್ದಿನ ಬೇಳೆಯನ್ನು ಗ್ರೈಂಡರಿಗೆ ಹಾಕಿ ಎರಡು ನಿಮಿಷವಾಗಿರಲಿಲ್ಲ, 9.50ಕ್ಕೆ ಸರಿಯಾಗಿ ವಿದ್ಯುತ್ ಹೋಯಿತು. ಒರಳುಕಲ್ಲನ್ನು ಹೊರಗೆ ಹಾಕಿದ್ದು ನಮ್ಮದೇ ತಪ್ಪು, ಅದನ್ನು ಕಂಪನಿಯ ಮೇಲೆ ಹೊರಿಸುವುದಿಲ್ಲ. ಆದರೆ ಸಂಪಿನ ತುಂಬ ನೀರಿದ್ದೂ ಮೋಟಾರು ಹಾಕುವಂತಿಲ್ಲದೆ, ಬಂದ ಬ್ರಾಹ್ಮಣರ ಪಾದ ತೊಳೆಯಲು ಈ 67ರ ವಯಸ್ಸಿನಲ್ಲಿ ನಾನು ಸಂಪಿನ ಮುಚ್ಚಳ ಎತ್ತಿ, ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದಬೇಕಾಯಿತು. ಅರೆಬರೆ ನುರಿದ ಹಿಟ್ಟಿನಲ್ಲೇ ವಡೆಯಾಯಿತು; ಪಿತೃಗಳು ಕ್ಷಮಿಸಿದ್ದಾರೆಂದು ನಂಬಿದ್ದೇನೆ.

ಪುರೋಹಿತರು ಸಂಕಲ್ಪ ಹೇಳಿಸುತ್ತಿದ್ದಾಗ, 11.25ಕ್ಕೆ, ಮೊಬೈಲ್ ಬಡಿದುಕೊಂಡಿತು. ಮೊಮ್ಮಗ ಸ್ಪೀಕರ್ ಹಾಕಿದ. ‘ತುರ್ತು ನಿರ್ವಹಣಾ ಕಾಮಗಾರಿಯ ಪ್ರಯುಕ್ತ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಪೂರೈಕೆಯಲ್ಲಿ ವ್ಯತ್ಯಯವಾಗಲಿದೆ’ ಎಂಬ ಹೆಣ್ಣುಧ್ವನಿ. ನಮ್ಮ ಕಟ್ಟಡದ ಮೂರು ಮೀಟರುಗಳ ಆರ್‌ಆರ್ ಸಂಖ್ಯೆಗೂ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ನನ್ನ ಮೊಬೈಲನ್ನೇ ಜೋಡಿಸಿರುವುದರಿಂದ ಅದೇ ಧ್ವನಿ ಮೂರು ಸಲ ಬಂತು. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಮಹಡಿಯ ಬಾಡಿಗೆದಾರರಿಗೆ ಒಂದು ಸಲವೂ ಬರಲಿಲ್ಲ. ಅವರ ಸಂಖ್ಯೆಯನ್ನು ಸೇರಿಸಿ ಎಂದು ನಾನು ಎರಡು ಬಾರಿ ಅರ್ಜಿ ಕೊಟ್ಟಿದ್ದೇನೆ. ಮೂರನೆಯ ಸಲ ‘ತಮ್ಮ ಸಹಕಾರಕ್ಕೆ ಧನ್ಯವಾದಗಳು’ ಎಂದಾಗ, ಸಹಕರಿಸದೇ ಇರಲು ನನಗೆ ಬೇರೆ ಯಾವ ದಾರಿಯಿತ್ತು ತಾಯಿ ಎಂದು ಕೇಳೋಣವೆಂದರೆ ಆ ಧ್ವನಿಗೆ ಕಿವಿಯಿಲ್ಲ.

ಶುಕ್ರವಾರ ಬೆಳಿಗ್ಗೆ 7ಕ್ಕೆ ಮತ್ತೆ ಅದೇ ಕರೆ. ಈ ಬಾರಿ ಬುದ್ಧಿ ಕಲಿತು ಡ್ರಮ್ಮು, ಕೊಡ, ಚೊಂಬುಗಳಿಗೆಲ್ಲ ನೀರು ತುಂಬಿಸಿ ಕುಳಿತೆವು. ದಿನವಿಡೀ ವಿದ್ಯುತ್ ಒಂದು ಕ್ಷಣವೂ ಹೋಗಲಿಲ್ಲ.

ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ, ನಿಗದಿತ ವ್ಯತ್ಯಯದ ವಿವರವನ್ನು ಗ್ರಾಹಕರಿಗೆ ತಿಳಿಸಬೇಕು, ಅನಿರೀಕ್ಷಿತ ದೋಷವಾದರೆ ಮತ್ತೆ ಯಾವಾಗ ಸರಿಹೋಗುತ್ತದೆಂಬ ಅಂದಾಜಿನೊಂದಿಗೆ ಕೂಡಲೇ ಎಸ್‌ಎಂಎಸ್ ಅಥವಾ ಅಂಥ ಬೇರೆ ಮಾರ್ಗದಲ್ಲಿ ತಿಳಿಸಬೇಕು ಎಂದಿದೆ. ಬುಧವಾರದ್ದು ಇವೆರಡರಲ್ಲಿ ಯಾವುದು? ಅಂದು ನಡೆದದ್ದು ಟ್ರಾನ್ಸ್‌ಫಾರ್ಮರ್ ಪಕ್ಕದ ಹೊಂಗೆಮರದ ಕೊಂಬೆ ಕಡಿಯುವ ಕೆಲಸ. ಅದು ‘ತುರ್ತು’ ಆಗಬೇಕಾದರೆ ಕೊಂಬೆಗಳು ಮಂಗಳವಾರ ರಾತ್ರಿ ಬೆಳೆದಿರಬೇಕು. ಕಡಿದ ಕೊಂಬೆಗಳು ಇಂದಿಗೂ ಪಾದಚಾರಿ ಮಾರ್ಗದಲ್ಲೇ ಬಿದ್ದಿವೆ. ಅವುಗಳ ಬಗ್ಗೆ ಯಾವ ಕರೆಯೂ ಬಂದಿಲ್ಲ.

ಇನ್ನೊಂದು ಮಾತು. ‘ಬಿಲ್ ಕಟ್ಟಿಲ್ಲ, ಇಂದು ರಾತ್ರಿಯೇ ನಿಮ್ಮ ಸಂಪರ್ಕ ಕಡಿತವಾಗುತ್ತದೆ’ ಎಂಬ ವಂಚಕರ ಸಂದೇಶಗಳಿಗೆ ಮೋಸಹೋದವರ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಎದುರು ಮನೆಯ ಅಜ್ಜಿ ‘ವಿದ್ಯುತ್’ ಎಂಬ ಶಬ್ದ ಕೇಳಿದೊಡನೆ ಫೋನ್ ಇಟ್ಟುಬಿಡುತ್ತಾರೆ. ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆಯಿಂದ ಕರೆ ಬಂದರೆ ನಿಜವಾವುದು, ಮೋಸವಾವುದು ಎಂದು ಅವರು ಹೇಗೆ ತಿಳಿಯಬೇಕು?

ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ಲೈನ್‌ಮನ್ ಹಿಂದಿನ ದಿನವೇ ಮೂಲೆಯ ಅಂಗಡಿಯಲ್ಲಿ ಹೇಳಿ ಹೋಗುತ್ತಿದ್ದರು, ಸಂಜೆಯೊಳಗೆ ಬಡಾವಣೆಗೆಲ್ಲ ಗೊತ್ತಾಗುತ್ತಿತ್ತು. ಈಗ ಕಚೇರಿಗೆ ಹೋದರೆ ‘ಸಾಹೇಬರು ಸೈಟಿಗೆ ಹೋಗಿದ್ದಾರೆ’ ಎಂಬುದೊಂದೇ ಉತ್ತರ. ಕಳೆದ ಮಳೆಗಾಲದಲ್ಲಿ ವಾಲಿದ ನಮ್ಮ ಬೀದಿಯ ಕಂಬದ ದೂರನ್ನು ಬರೆದುಕೊಂಡ ಎಂಜಿನಿಯರರಿಗೆ ವರ್ಗವಾಯಿತು. ದೂರಿನ ಪುಸ್ತಕಕ್ಕೂ ಅವರೊಂದಿಗೇ ವರ್ಗವಾಗಿರಬೇಕು.

ಆದ್ದರಿಂದ ಸಂಬಂಧಪಟ್ಟವರು ಈ ಕರೆಗಳನ್ನು ಒಂದೋ ಹಿಂದಿನ ದಿನವೇ ಮಾಡಿಸಲಿ, ಇಲ್ಲವೇ ನಿಲ್ಲಿಸಿಯೇಬಿಡಲಿ; ಹಾಗೆಯೇ ಆ ಕಂಬವನ್ನೂ ಒಮ್ಮೆ ಬಂದು ನೋಡಲಿ. ‘ಯಶಸ್ವಿ’ ಎಂದು ಹೇಳಿಕೆ ಕೊಟ್ಟ ಅಧಿಕಾರಿಗಳ ಮನೆಗೂ ಇಂಥ ಕರೆ ಬರುತ್ತದೆಯೇ, ಅಥವಾ ಅವರ ಮನೆಯ ಲೈನೇ ಬೇರೆಯೇ ಎಂಬುದನ್ನಾದರೂ ತಿಳಿಸುವ ಸೌಜನ್ಯ ತೋರಲಿ.

– ನೊಂದ ಗ್ರಾಹಕ, ಎರಡನೇ ಹಂತ